ಮರಳಿನ ಕೊಡ: ಮರೆವಿನ ಕಾಯಿಲೆ, ಜೋಗಮ್ಮಂದಿರು ಮತ್ತು ನಮ್ಮೂರ ಆಟ

(ರೋಣ ತಾಲ್ಲೂಕಿನ ದಂಪತಿಗಳ ಸಭೆಯಲ್ಲಿ ವೈದ್ಯಾಧಿಕಾರಿಯವರು ಮಾಡಿದ ಭಾಷಣ)



ಕುಟುಂಬ ಕಲ್ಯಾಣದ ಸಭೆಯೆಂದೊಡನೆ ಮಕ್ಕಳ ನಡುವಿನ ಅಂತರ, ಲಸಿಕೆ, ಬಾಣಂತಿಯ ಆಹಾರ ಇವುಗಳ ಮಾತನ್ನೇ ನೀವು ನಿರೀಕ್ಷಿಸಿರುತ್ತೀರಿ. ಆ ವಿಷಯಗಳನ್ನು ನಮ್ಮ ಆರೋಗ್ಯ ಸಹಾಯಕಿಯರೂ ಆಶಾ ಕಾರ್ಯಕರ್ತೆಯರೂ ನನಗಿಂತ ಚೆನ್ನಾಗಿ ತಿಳಿಸಬಲ್ಲರು. ಇಂದು ನಾನು ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇನೆ. ಮುಪ್ಪಿನಲ್ಲಿ ಬರುವ ಮರೆವಿನ ಕಾಯಿಲೆ, ಆ ಕಾಯಿಲೆಗೆ ಗುರಿಯಾದ ಜೋಗಮ್ಮಂದಿರು, ಮತ್ತು ಇದರ ತಿಳಿವಳಿಕೆಯನ್ನು ಊರಿಗೆ ಮುಟ್ಟಿಸಲು ನಾಟಕವನ್ನು ಬಳಸುವ ಬಗೆ, ಇದೇ ಆ ವಿಷಯ.

ಮದುವೆಯಾಗಿ ಸಂಸಾರ ನಡೆಸುತ್ತಿರುವ ನಮಗೂ ಜೋಗಮ್ಮಂದಿರಿಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಕೊಡ ಹೊತ್ತು, ಚೌಡಿಕೆ ನುಡಿಸುತ್ತ ನಿಮ್ಮ ಬಾಗಿಲಿಗೆ ಬರುವ ಜೋಗಮ್ಮ ಯಾವುದೋ ದಂಪತಿಗಳ ಮಗುವಾಗಿ ಹುಟ್ಟಿದವಳು. ಗಂಡುಮಗುವೆಂದು ಹೆಸರಿಟ್ಟು ಬೆಳೆಸಿದ ಮನೆಯಲ್ಲಿ, ತಾನು ಹೆಣ್ಣೆಂದು ಅರಿತು, ಬೈಗುಳ ಬಡಿತಗಳನ್ನು ತಿಂದು, ಕೊನೆಗೆ ಎಲ್ಲಮ್ಮನ ಆಶ್ರಯವನ್ನು ಹುಡುಕಿಕೊಂಡು ಹೋದವಳು. ಆಕೆಗೆ ತಮ್ಮನಿರುತ್ತಾನೆ, ತಮ್ಮನ ಹೆಂಡತಿ ಇರುತ್ತಾಳೆ. ಈ ಸಭೆಯಲ್ಲಿಯೂ ಅಂತಹ ತಮ್ಮಂದಿರಿರಬಹುದು. ನಾನು ಯಾರನ್ನೂ ಕೈಯೆತ್ತಲು ಕೇಳುವುದಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಬಿಡುವ ಪದ್ಧತಿಯನ್ನು ನಮ್ಮ ರಾಜ್ಯವು 1982ರ ಕಾಯಿದೆಯಿಂದ ನಿಷೇಧಿಸಿದೆ. ಆ ನಿಷೇಧವು ಸರಿಯಾದುದು, ಅದರ ಬಗ್ಗೆ ಸಡಿಲವಾದ ಮಾತು ಬೇಡ. ನಾನು ಹೇಳುತ್ತಿರುವುದು ಈಗಾಗಲೇ ನಮ್ಮ ನಡುವೆ ಬಾಳಿ ಮುದುಕಿಯರಾಗಿರುವ ಜೋಗಮ್ಮಂದಿರ ಮಾತು.

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ನೀವೆಲ್ಲ ಬಲ್ಲಿರಿ. ಗಾದೆಗಳಲ್ಲಿ ಅನುಭವವಿರುತ್ತದೆಂಬುದು ನಿಜ. ಆದರೆ ಈ ಒಂದು ಗಾದೆಯು ನಮ್ಮ ವೈದ್ಯರ ಕೆಲಸವನ್ನು ಬಹಳವಾಗಿ ಕೆಡಿಸಿದೆ. ವಯಸ್ಸಾದ ಮೇಲೆ ಮರೆಯುವುದು ಸಹಜವೆಂದು ಮನೆಯವರು ಸುಮ್ಮನಾಗಿಬಿಡುತ್ತಾರೆ. ನಮ್ಮ ದೇಶದ ವೃದ್ಧರನ್ನು ಕುರಿತ ದೊಡ್ಡ ಸಮೀಕ್ಷೆಯ ಆಧಾರದಿಂದ 2023ರಲ್ಲಿ ಪ್ರಕಟವಾದ ಲೆಕ್ಕದಂತೆ, 60 ವರ್ಷ ಮೀರಿದವರಲ್ಲಿ ಶೇಕಡ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಎಂಬ ಮರೆವಿನ ಕಾಯಿಲೆಯಿದೆ. ಪಟ್ಟಣಗಳಿಗಿಂತ ಹಳ್ಳಿಗಳಲ್ಲಿಯೂ ಗಂಡಸರಿಗಿಂತ ಹೆಂಗಸರಲ್ಲಿಯೂ ಅದು ಹೆಚ್ಚು. ಇದು ಸಣ್ಣ ಸಂಖ್ಯೆಯಲ್ಲ. ಆದರೆ 100 ಜನರಲ್ಲಿ 92 ಜನರಿಗೆ ಬಾರದಿರುವುದನ್ನು ವಯಸ್ಸಿನ ಧರ್ಮವೆಂದು ಹೇಗೆ ಕರೆಯುವುದು? ಇದು ಮಿದುಳಿನ ಕಾಯಿಲೆ. ಇದರಲ್ಲಿ ಹೆಚ್ಚಾಗಿ ಕಂಡುಬರುವ ಬಗೆಯನ್ನು ಜರ್ಮನಿಯ ಅಲೋಯಿಸ್ ಆಲ್‌ಝೈಮರ್ ಎಂಬ ವೈದ್ಯರು 1906ರಲ್ಲಿ ಮೊದಲು ವಿವರಿಸಿದರು. ಆದುದರಿಂದಲೇ ಅದಕ್ಕೆ ಅವರ ಹೆಸರು ಬಂದಿದೆ.

ಸಂತೆಯಿಂದ ಒಂದು ಸಾಮಾನು ಮರೆತು ಬರುವುದು ಎಲ್ಲರಿಗೂ ಉಂಟು. ನಲವತ್ತು ವರ್ಷ ನಡೆದ ಸಂತೆಯ ದಾರಿಯಲ್ಲಿಯೇ ನಿಂತು, ಮನೆ ಯಾವ ಕಡೆಗೆಂದು ತಿಳಿಯದಿರುವುದು ಬೇರೆ. ಸಾವಿರಾರು ರೊಟ್ಟಿ ಬಡಿದ ಕೈ ಜೋಳದ ಹಿಟ್ಟಿಗೆ ನೀರೆಷ್ಟೆಂದು ತಿಳಿಯದೆ ಸುಮ್ಮನೆ ಕುಳಿತರೆ, ಸಾರಿಗೆ ಎರಡು ಸಲ ಉಪ್ಪು ಬಿದ್ದರೆ, ಒಂದೇ ಪ್ರಶ್ನೆಯನ್ನು ಅರ್ಧ ಗಂಟೆಯಲ್ಲಿ ಹತ್ತು ಸಲ ಕೇಳಿದರೆ, ತಾವೇ ಬಚ್ಚಿಟ್ಟ ರೊಕ್ಕವನ್ನು ಸೊಸೆ ಕದ್ದಳೆಂದು ಕೂಗಾಡಿದರೆ, ದಿನವೂ ಸಂಜೆಯಾಗುತ್ತಲೇ ಗಾಬರಿಪಟ್ಟು ‘ನಮ್ಮ ಮನಿಗೆ ಹೋಗೂಣು’ ಎಂದು ತಮ್ಮ ಮನೆಯಲ್ಲಿಯೇ ಹಟ ಹಿಡಿದರೆ, ಬೈಯಬೇಡಿರಿ. ಆಸ್ಪತ್ರೆಗೆ ಕರೆತನ್ನಿರಿ. ಮರೆವಿಗೆಲ್ಲ ಇದೇ ಕಾಯಿಲೆ ಕಾರಣವೆಂದೇನೂ ಇಲ್ಲ. ಥೈರಾಯ್ಡ್ ಗ್ರಂಥಿಯ ದೋಷ, ಬಿ-12 ಜೀವಸತ್ವದ ಕೊರತೆ, ತೀವ್ರವಾದ ಮನೋಖಿನ್ನತೆ, ಬಿದ್ದು ತಲೆಗೆ ಪೆಟ್ಟಾಗಿ ಒಳಗೆ ರಕ್ತ ಕಟ್ಟಿಕೊಂಡಿರುವುದು, ಎಚ್.ಐ.ವಿ. ಅಥವಾ ಸಿಫಿಲಿಸ್ ಸೋಂಕು ಇವುಗಳಿಂದಲೂ ಬುದ್ಧಿ ಮಂಕಾಗಬಹುದು. ಇವುಗಳಿಗೆಲ್ಲ ಚಿಕಿತ್ಸೆಯಿದೆ. ನೆನ್ನೆ ಚೆನ್ನಾಗಿದ್ದವರು ಇಂದು ಒಮ್ಮೆಲೇ ಗೊಂದಲಗೊಂಡು ಏನೇನೋ ಮಾತನಾಡಿದರೆ ಅದು ತುರ್ತಿನ ಸಂಗತಿ, ಅದೇ ದಿನ ಕರೆತರಬೇಕು.

ಇನ್ನು ಜೋಗಮ್ಮಂದಿರಿಗೆ ಈ ಕಾಯಿಲೆ ಬಂದಾಗ ಏನಾಗುತ್ತದೆ? ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಮಂಡಲಿಯು 2024ರಲ್ಲಿ, ಬದಲಾಯಿಸಬಹುದಾದ 14 ಕಾರಣಗಳನ್ನು ಗುರುತಿಸಿತು. ಕಡಿಮೆ ವಿದ್ಯಾಭ್ಯಾಸ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ತಂಬಾಕಿನ ಹೊಗೆ, ಮಿತಿಮೀರಿದ ಮದ್ಯ, ಖಿನ್ನತೆ, ಒಂಟಿತನ, ತಲೆಪೆಟ್ಟು, ಕಿವುಡು, ಕುರುಡು ಇವು ಅವುಗಳಲ್ಲಿ ಕೆಲವು. ಶಾಲೆಯಲ್ಲಿ ಅಣಕಿಸಿದ್ದರಿಂದ ಶಾಲೆ ಬಿಟ್ಟವಳು, ಮನೆಯಿಂದ ಹೊರಬಿದ್ದವಳು, ಪೆಟ್ಟು ತಿಂದವಳು, ಸಾಲಿನಲ್ಲಿ ನಿಂತರೆ ಜನ ನಗುವರೆಂದು ಆಸ್ಪತ್ರೆಗೇ ಬಾರದವಳು ಇಂತಹ ಎಷ್ಟು ಕಾರಣಗಳನ್ನು ಮೈಮೇಲೆ ಹೊತ್ತಿರಬಹುದೆಂಬುದನ್ನು ನೀವೇ ಎಣಿಸಿ ನೋಡಿರಿ. ಕಾಯಿಲೆಯು ಆಕೆಯ ಜಾತಕದಲ್ಲಿ ಬರೆದುದಲ್ಲ. ಅದರ ಒಂದು ಪಾಲನ್ನು ನಾವೇ ಕೂಡಿಹಾಕಿ ಕೊಟ್ಟಿದ್ದೇವೆ.

ಒಬ್ಬ ಹಿರಿಯ ಜೋಗಮ್ಮನ ಸಂಗತಿಯನ್ನು ಗುರುತು ಸಿಗದಂತೆ ಹೇಳುತ್ತೇನೆ. ಆಕೆಯನ್ನು ನನ್ನ ಬಳಿಗೆ ಕರೆತಂದವಳು ಆಕೆಯ ಶಿಷ್ಯೆ. ಗುಡ್ಡದಿಂದ ಮರಳುವಾಗ ಗುರುವು ದಾರಿ ತಪ್ಪಿ ಎರಡು ದಿನ ಸಿಕ್ಕಿರಲಿಲ್ಲ. ಅಮ್ಮನ ಕಾಡಾಟವಿರಬೇಕೆಂದು ಹರಕೆಗಳನ್ನೆಲ್ಲ ತೀರಿಸಿಯಾಗಿತ್ತು. ಅದಕ್ಕೆ ಮೊದಲು ಬೇರೊಂದು ಊರಿನ ಆಸ್ಪತ್ರೆಯಲ್ಲಿ, ಹಳೆಯ ಕಾಗದದಲ್ಲಿದ್ದ ಗಂಡು ಹೆಸರನ್ನು ಕೂಗಿ, ಗಂಡಸರ ವಾರ್ಡಿನಲ್ಲಿ ಮಲಗಿಸಿ, ಸೀರೆ ಬಿಚ್ಚಿ ಅಂಗಿ ತೊಡಿಸಿದ್ದರು. ಆಕೆ ಊಟ ಬಿಟ್ಟಳು, ಮುಟ್ಟಬಂದವರನ್ನು ಹೊಡೆದಳು. ‘ಹುಚ್ಚು ಹೆಚ್ಚಾಗಿದೆ’ ಎಂದು ಬರೆದರಂತೆ. ನೋಡಿರಿ, ಈ ಕಾಯಿಲೆಯಲ್ಲಿ ಹೊಸ ನೆನಪುಗಳು ಮೊದಲು ಅಳಿಯುತ್ತವೆ, ಹಳೆಯವು ಉಳಿಯುತ್ತವೆ. ಬಡಿಯುವ ಅಪ್ಪ, ಬಟ್ಟೆ ಕಿತ್ತುಹಾಕುವ ಅಣ್ಣಂದಿರು ಇವರೆಲ್ಲ ಆಕೆಯ ಪಾಲಿಗೆ ಅಂದು ಆ ವಾರ್ಡಿನಲ್ಲಿಯೇ ಇದ್ದರು. ನಮ್ಮಲ್ಲಿ ಆಕೆಯನ್ನು ಆಕೆಯ ಹೆಸರಿನಿಂದಲೇ ಕರೆದೆವು, ಸೀರೆಯನ್ನು ಹಾಗೆಯೇ ಬಿಟ್ಟೆವು, ಸ್ನಾನಕ್ಕೆ ಶಿಷ್ಯೆಯನ್ನೇ ಜೊತೆ ಮಾಡಿದೆವು. ಎರಡನೆಯ ದಿನ ಉಂಡಳು. ಪರೀಕ್ಷೆಯಲ್ಲಿ ಹಲವು ವರ್ಷ ಮದ್ದು ಕಾಣದ ರಕ್ತದೊತ್ತಡವೂ ಸಕ್ಕರೆ ಕಾಯಿಲೆಯೂ ಕಂಡುಬಂದವು. ಶಿಷ್ಯೆಯ ಹೆಸರು ಆಕೆಗೆ ನೆನಪಿರಲಿಲ್ಲ. ಆದರೆ ಚೌಡಿಕೆಯ ತಂತಿ ಮಿಡಿದರೆ ಪದವನ್ನು ಮೊದಲಿಂದ ಕೊನೆಯವರೆಗೆ ತಪ್ಪಿಲ್ಲದೆ ಹಾಡುತ್ತಿದ್ದಳು. ಹಾಡಿನ ನೆನಪು ತಡವಾಗಿ ಅಳಿಯುತ್ತದೆಂಬುದು ಈ ಕಾಯಿಲೆಯಲ್ಲಿ ಹಲವೆಡೆ ಕಂಡ ಸಂಗತಿ.

ಸುದ್ದಿ ತಿಳಿದು ಊರಿಂದ ತಮ್ಮ ಮತ್ತು ಆತನ ಹೆಂಡತಿ ಬಂದರು. ತಮ್ಮನು ಮಂಚದ ಬಳಿ ನಿಂತನೇ ಹೊರತು ಬಾಯಿ ತೆರೆಯಲಿಲ್ಲ. ಹೆಂಡತಿಯು ಶಿಷ್ಯೆಯ ಕಡೆ ತಿರುಗಿ, ‘ಊಟಕ್ಕ ಏನ್ ಸೇರತೈತ್ರಿ ಅವರಿಗೆ?’ ಎಂದು ಕೇಳಿದಳು. ಆ ಮನೆಯಲ್ಲಿ ಮುಂದೆ ಏನು ನಡೆಯಿತೋ ಅದು ಅವರ ಮನೆಯ ಮಾತು, ಇಲ್ಲಿ ಹೇಳತಕ್ಕದ್ದಲ್ಲ.

ಈಗ ನಾಟಕದ ವಿಷಯಕ್ಕೆ ಬರುತ್ತೇನೆ. ಇಷ್ಟನ್ನೆಲ್ಲ ಭಿತ್ತಿಪತ್ರ ಅಂಟಿಸಿ ಹೇಳಬಾರದೇಕೆಂದರೆ, ನಮ್ಮ ನಾಡು ಆಟದ ನಾಡು. ದೊಡ್ಡಾಟ, ಸಣ್ಣಾಟ, ಶ್ರೀಕೃಷ್ಣ ಪಾರಿಜಾತಗಳನ್ನು ಬೆಳಗಿನವರೆಗೆ ಕುಳಿತು ನೋಡಿದ ಜನ ನಾವು. ಪಕ್ಕದ ಗದುಗಿನ ವೀರೇಶ್ವರ ಪುಣ್ಯಾಶ್ರಮವು ನಾಟಕ ಕಂಪನಿಯನ್ನೇ ನಡೆಸಿತು. 2010ರಲ್ಲಿ ತೀರಿಕೊಂಡ ಪಂಡಿತ ಪುಟ್ಟರಾಜ ಗವಾಯಿಗಳು ನಾಟಕಗಳನ್ನೂ ಬರೆದವರು. ಕುಟುಂಬ ಯೋಜನೆಯ ಸಂದೇಶವನ್ನು ಹಿಂದೆ ಹಳ್ಳಿಹಳ್ಳಿಗೆ ಮುಟ್ಟಿಸಿದುದರಲ್ಲಿ ಹಾಡು ಮತ್ತು ಆಟದ ತಂಡಗಳ ಪಾಲು ದೊಡ್ಡದು. ಕೇಂದ್ರ ಸರ್ಕಾರವು 1954ರಲ್ಲಿಯೇ ಗೀತ ಮತ್ತು ನಾಟಕ ವಿಭಾಗವನ್ನು ತೆರೆದಿತ್ತು.

ಆದರೆ ನಾಟಕವನ್ನು ಹೊಗಳುವ ಮುನ್ನ ಅದರ ಲೆಕ್ಕವನ್ನೂ ಕೇಳಬೇಕು. ನಮ್ಮ ಊರ ನಾಟಕಗಳ ಹಾಸ್ಯ ಪ್ರಸಂಗಗಳನ್ನು ಸ್ವಲ್ಪ ನೆನೆಸಿಕೊಳ್ಳಿರಿ. ಅಲ್ಲಿ ಎರಡು ಪಾತ್ರಗಳು ಪದೇ ಪದೇ ಬರುತ್ತವೆ. ಒಂದು, ಹೇಳಿದ್ದನ್ನೇ ಹೇಳುವ, ಹೆಂಡತಿಯನ್ನು ಬಿಟ್ಟು ಬೇರೆಯವಳ ಕೈಹಿಡಿದು ಎಳೆಯುವ ಅರಳುಮರಳಿನ ಮುದುಕ. ಇನ್ನೊಂದು, ಸೀರೆಯುಟ್ಟು ಸೊಂಟ ತಿರುಗಿಸುವ ಗಂಡಸು. ಇಬ್ಬರನ್ನು ಕಂಡರೂ ಚಪ್ಪಾಳೆ, ಸಿಳ್ಳು. ಮರೆವಿನ ಕಾಯಿಲೆ ಬಂದ ಜೋಗಮ್ಮ ಬೀದಿಗೆ ಬಂದಾಗ ಹುಡುಗರು ಹಿಂದೆ ಬಿದ್ದು ನಗುವುದೇಕೆ? ಆ ಇಬ್ಬರು ಹಾಸ್ಯಗಾರರೂ ಒಂದೇ ಮೈಯಲ್ಲಿ ಬಂದಂತೆ ಅವರಿಗೆ ತೋರುತ್ತದೆ. ನಗುವುದನ್ನು ಅವರಿಗೆ ನಾಟಕವೇ ಕಲಿಸಿದೆ. ಕಲಿಸಿದುದನ್ನು ಬಿಡಿಸುವ ಕೆಲಸವನ್ನೂ ನಾಟಕವೇ ಮಾಡಬೇಕು, ಭಾಷಣದಿಂದ ಅದು ಆಗದು. ನನ್ನ ಈ ಭಾಷಣದಿಂದಲೂ ಆಗದೆಂಬುದನ್ನು ಬಲ್ಲೆ.

ಇದಕ್ಕೆ ಹೊಸ ಕಥೆಯನ್ನು ಹುಡುಕಬೇಕಾಗಿಲ್ಲ. ಜೋಗಮ್ಮಂದಿರದೇ ಆದ ಎಲ್ಲಮ್ಮನಾಟವಿದೆ. ರೇಣುಕೆಯು ದಿನವೂ ಮಲಪ್ರಭೆಯ ಮರಳಿನಿಂದ ಕೊಡ ಮಾಡಿ, ಹಾವನ್ನು ಸಿಂಬೆ ಮಾಡಿ, ಗಂಡನ ಪೂಜೆಗೆ ನೀರು ತರುತ್ತಿದ್ದಳು. ಒಂದು ದಿನ ಮರಳು ಕೂಡಲಿಲ್ಲ, ಕೊಡ ನಿಲ್ಲಲಿಲ್ಲ. ಬರಿಗೈಯಲ್ಲಿ ಬಂದವಳನ್ನು ಕಂಡು ಜಮದಗ್ನಿಯು ಸಿಟ್ಟಾದನು, ಮಗನ ಕೈಯಲ್ಲಿ ತಾಯಿಯ ತಲೆಯನ್ನೇ ಕಡಿಸಿದನು. ಕೊಡ ನಿಲ್ಲದಿದ್ದುದಕ್ಕೆ ಪುರಾಣ ಹೇಳುವ ಕಾರಣ ಬೇರೆ, ಅದನ್ನು ನಾನು ಬದಲಿಸಹೊರಟಿಲ್ಲ. ಆದರೆ ಒಮ್ಮೆ ಮರೆವಿನ ರೋಗಿಯ ಮನೆಯನ್ನು ನೋಡಿ ಬಂದವರಿಗೆ ಈ ಕಥೆ ಬೇರೆ ರೀತಿಯಲ್ಲಿ ಕೇಳಿಸುತ್ತದೆ. ನಿನ್ನೆಯವರೆಗೆ ತಾನಾಗಿ ನಿಂತ ಕೊಡ ಇಂದು ಕೈಯಲ್ಲಿಯೇ ಪುಡಿಯಾಗುತ್ತದೆ. ಅವಳಿಗೂ ಏಕೆಂದು ತಿಳಿಯದು. ಮನೆಯಲ್ಲಿ ಕಾರಣ ಕೇಳುವವರಿಲ್ಲ, ಸಿಟ್ಟಾಗುವವರಿದ್ದಾರೆ.

ಜೋಗಮ್ಮಂದಿರ ಆಟವನ್ನು ಕೀಳೆಂದು ಎಣಿಸುವವರು ಮಂಜಮ್ಮ ಜೋಗತಿಯವರನ್ನು ನೆನೆಯಬೇಕು. ಬಳ್ಳಾರಿ ಸೀಮೆಯಲ್ಲಿ ಹುಟ್ಟಿದ ಅವರು ಕಾಳವ್ವ ಜೋಗತಿಯವರಿಂದ ಜೋಗತಿ ಕುಣಿತವನ್ನು ಕಲಿತು, ಎಲ್ಲಮ್ಮನ ಕಥೆಯನ್ನು ಊರೂರಿನಲ್ಲಿ ಆಡಿದರು, ಮುಂದೆ ಆ ತಂಡವನ್ನು ತಾವೇ ನಡೆಸಿದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಗೆ ಅಧ್ಯಕ್ಷರಾದರು. 2021ರಲ್ಲಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ಪಡೆದರು. ಬೆಂಗಳೂರಿನಲ್ಲಿ ‘ಪಯಣ’ ಎಂಬ ಸಂಸ್ಥೆಯು ವಯಸ್ಸಾದ ತೃತೀಯಲಿಂಗಿಗಳನ್ನೇ ರಂಗಕ್ಕೆ ತಂದು ‘ತಲ್ಕಿ’ ಎಂಬ ನಾಟಕವನ್ನು ಆಡಿಸಿತು. ಶ್ರೀಜಿತ್ ಸುಂದರಂ ಅದರ ನಿರ್ದೇಶಕರು. ಅದು ಮರೆವಿನ ಕಾಯಿಲೆಯ ನಾಟಕವಲ್ಲ. ಆದರೆ ತಮ್ಮ ಮುಪ್ಪಿನ ಮಾತನ್ನು ತಾವೇ ನಿಂತು ಹೇಳಿದರೆ ಜನ ಕೇಳುವರೆಂಬುದಕ್ಕೆ ಅದು ಸಾಕ್ಷಿ.

ಹಾಗಾದರೆ ನಮ್ಮ ಆಟ ಹೇಗಿರಬೇಕು? ನಾಟಕದ ಮಾಸ್ತರರು ಈ ಸಭೆಯಲ್ಲಿದ್ದರೆ ತಿದ್ದಲಿ. ಮೊದಲಿಗೆ ಎಲ್ಲಮ್ಮನಾಟವು ಎಂದಿನಂತೆಯೇ ನಡೆಯಲಿ. ಕೊಡ ಒಡೆದು ಜಮದಗ್ನಿಯು ಕೈಯೆತ್ತಿದ ಗಳಿಗೆಯಲ್ಲಿ ಆಟ ನಿಲ್ಲಲಿ. ಅಲ್ಲಿಂದ ಇಂದಿನ ಜೋಗಮ್ಮಳ ಕಥೆ ತೆರೆಯಲಿ: ಪದ ಬಲ್ಲ ಗುರು, ಉಪ್ಪು ಹೆಚ್ಚಾದ ಸಾರು, ದಾರಿ ತಪ್ಪಿದ ಹುಣ್ಣಿಮೆ, ಶಿಷ್ಯೆಯ ಅಂಜಿಕೆ, ತಾಯಿತ ಮಾರುವವನು, ಊರಲ್ಲಿರುವ ತಮ್ಮನ ಸಂಸಾರ. ನಗೆಯಿಲ್ಲದ ಆಟವನ್ನು ನಮ್ಮ ಜನ ಹತ್ತು ನಿಮಿಷವೂ ನೋಡಲಾರರು. ಆದುದರಿಂದ ಹಾಸ್ಯಗಾರನು ಇರಲಿ. ಆದರೆ ಆತನು ತಾಯಿತದವನಾಗಲಿ, ಎಲ್ಲ ಬಲ್ಲೆನೆನ್ನುವ ನೆರೆಯವನಾಗಲಿ. ತೀರ ಬೇಕೆಂದರೆ ಔಷಧದ ಚೀಟಿಯನ್ನು ಯಾರಿಗೂ ಓದಲು ಬಾರದಂತೆ ಗೀಚುವ ಡಾಕ್ಟರನೂ ಆಗಲಿ.

ತಮ್ಮನ ಮನೆಯ ಬಾಗಿಲಲ್ಲಿ ಜೋಗಮ್ಮ ಬಂದು ನಿಂತಾಗ ಆಟ ಮತ್ತೊಮ್ಮೆ ನಿಲ್ಲಬೇಕು. ‘ಇವರು ಏನು ಮಾಡಬೇಕು?’ ಎಂದು ಭಾಗವತನು ನೋಡುವವರನ್ನು ಕೇಳಲಿ. ಯಾರಾದರೊಬ್ಬ ಗಂಡನೂ ಹೆಂಡತಿಯೂ ಎದ್ದುಬಂದು ತಮ್ಮನ ಮತ್ತು ಆತನ ಹೆಂಡತಿಯ ಪಾತ್ರವನ್ನು ತಾವೇ ಆಡಿ ತೋರಿಸಲಿ. ಬ್ರೆಝಿಲ್ ದೇಶದ ಆಗಸ್ಟೊ ಬೋಲ್ ಎಂಬುವರು ಬಡಜನರ ನಡುವೆ ಈ ವಿಧಾನವನ್ನು ಬೆಳೆಸಿದರು. ಭಾರತದಲ್ಲಿಯೂ ಬಂಗಾಳದ ಹಳ್ಳಿಗಳಲ್ಲಿ ಇದು ಹಲವು ವರ್ಷಗಳಿಂದ ನಡೆದಿದೆ. ಎದ್ದುಬಂದವರು ‘ಹೊರಗ ಹೋಗು’ ಎಂದರೂ ಚಿಂತೆಯಿಲ್ಲ. ಹತ್ತು ಜನರ ಎದುರಿಗೆ ಹಾಗೆಂದವರನ್ನು ಪಕ್ಕದವರೇ ಕೇಳುತ್ತಾರೆ.

ಪಾತ್ರವನ್ನು ಜೋಗಮ್ಮಂದಿರೇ ಮಾಡಲಿ, ಅವರಿಗೆ ಸಂಭಾವನೆ ಸಲ್ಲಲಿ. ಕಾಯಿಲೆಯಲ್ಲಿರುವವರನ್ನು ಮಾತ್ರ ರಂಗದ ಮೇಲೆ ತಂದು ನಿಲ್ಲಿಸಕೂಡದು. ಇದೇ ಆಟವು ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ನರಗುಂದದ ದಾರಿಯಾಗಿ ಸವದತ್ತಿ ಗುಡ್ಡಕ್ಕೆ ಹೋಗುವ ಜನರ ನಡುವೆಯೂ ನಡೆಯಬೇಕು. ಏಕೆಂದರೆ ಇದು ಕಾಯಿಲೆಯೆಂದು ಜೋಗಮ್ಮಂದಿರಲ್ಲಿಯೂ ಬಹಳ ಮಂದಿಗೆ ತಿಳಿಯದು. ಅಮ್ಮ ಮುನಿದಳೆಂದು ತಿಳಿದು ಉಪವಾಸ ಮಾಡಿಸುವವರು ಅಲ್ಲಿಯೂ ಇದ್ದಾರೆ.

ಒಂದು ದೃಶ್ಯ ಮಾತ್ರ ತಪ್ಪದೆ ಇರಲೇಬೇಕು, ಅದು ಹೆಬ್ಬೆಟ್ಟಿನ ದೃಶ್ಯ. ಆಸ್ಪತ್ರೆಯಲ್ಲಿ ‘ನೀನು ಇವರಿಗೆ ಏನಾಗಬೇಕು?’ ಎಂದು ಕೇಳಿದರೆ ಶಿಷ್ಯೆಯು ಏನು ಹೇಳಬೇಕು? ಮಗಳೆಂದರೆ ಕಾಗದವಿಲ್ಲ. ಇದಕ್ಕೆ ಕಾನೂನಿನಲ್ಲಿ ದಾರಿಯಿದೆ. 2017ರ ಮಾನಸಿಕ ಆರೋಗ್ಯ ಪಾಲನೆ ಕಾಯಿದೆಯ 14ನೆಯ ಕಲಮಿನ ಪ್ರಕಾರ, ವಯಸ್ಕರಾದ ಯಾರಾದರೂ ತಮ್ಮ ಪರವಾಗಿ ಒಬ್ಬ ಪ್ರತಿನಿಧಿಯನ್ನು ನೇಮಿಸಿಕೊಳ್ಳಬಹುದು. ಆತನು ರಕ್ತಸಂಬಂಧಿಯೇ ಆಗಿರಬೇಕೆಂಬ ನಿಯಮವಿಲ್ಲ. ಛಾಪಾಕಾಗದ ಬೇಡ. ಬಿಳಿಯ ಕಾಗದದ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಒತ್ತಿದರೆ ಸಾಕು. ಪ್ರತಿನಿಧಿಯಾಗುವವರ ಒಪ್ಪಿಗೆಯೂ ಬೇಕು. ನೆನಪಿನ ತೀವ್ರ ದೋಷವೂ ಆ ಕಾಯಿದೆಯ ವ್ಯಾಖ್ಯೆಯೊಳಗೆ ಬರುತ್ತದೆ. ಆದರೆ ಇದನ್ನು ಬುದ್ಧಿ ಸ್ವಾಧೀನದಲ್ಲಿರುವಾಗಲೇ ಮಾಡತಕ್ಕದ್ದು, ಕೊಡ ಒಡೆದ ಮೇಲೆ ಸಾಧ್ಯವಾಗದು. ಇದು ಜೋಗಮ್ಮಂದಿರಿಗೆ ಮಾತ್ರ ಇರುವ ಅನುಕೂಲವಲ್ಲ. ಮದುವೆಯಾಗದೆ ಬಾಳಿನುದ್ದಕ್ಕೂ ಒಂದೇ ಸೂರಿನಡಿ ಜೊತೆಯಾಗಿ ಬದುಕಿದ ಇಬ್ಬರು ಗಂಡಸರು, ಇಬ್ಬರು ಹೆಂಗಸರು ನಿಮ್ಮ ಊರಿನಲ್ಲಿಯೂ ಇರಬಹುದು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಅಂತಹ ವಯಸ್ಕರ ಪ್ರೀತಿಯು ಅಪರಾಧವಲ್ಲವೆಂದು ತೀರ್ಪಿತ್ತಿತು. ಆದರೆ ಅವರ ಮದುವೆಗೆ ಕಾನೂನಿನ ಮನ್ನಣೆಯಿಲ್ಲ. ಆದುದರಿಂದ ಅವರಲ್ಲೊಬ್ಬರು ನೆನಪು ಕಳೆದುಕೊಂಡಾಗ ಇನ್ನೊಬ್ಬರನ್ನು ವಾರ್ಡಿನ ಬಾಗಿಲಲ್ಲಿ ತಡೆಯದಿರಲು ಈ ಬಿಳಿಯ ಕಾಗದವೇ ಆಧಾರ. ಗಂಡಹೆಂಡಿರಾದ ನೀವೂ ಬರೆದಿಡಬಹುದು.

ಕಾನೂನಿನ ಇನ್ನೆರಡು ಮಾತು. 2019ರ ತೃತೀಯಲಿಂಗಿ ವ್ಯಕ್ತಿಗಳ ಹಕ್ಕುರಕ್ಷಣೆಯ ಕಾಯಿದೆಯು ‘ಜೋಗತಾ’ ಎಂಬ ಹೆಸರನ್ನೇ ಎತ್ತಿ ಹೇಳಿದೆ. ಆದುದರಿಂದ ನಮ್ಮ ಜೋಗಮ್ಮಂದಿರು ತಮ್ಮ ಹೆಸರಿನಲ್ಲಿ ಗುರುತಿನ ಪತ್ರವನ್ನು ಜಿಲ್ಲಾಧಿಕಾರಿಗಳಿಂದ ಪಡೆಯಬಹುದು. ರಾಜ್ಯ ಸರ್ಕಾರದ ಮೈತ್ರಿ ಯೋಜನೆಯ ಮಾಸಾಶನಕ್ಕೂ ಅರ್ಜಿ ಹಾಕಬಹುದು. ಅರ್ಜಿ ತುಂಬಲು ಬಾರದವರಿಗೆ ಊರಿನ ಓದಿದ ಸೊಸೆಯಂದಿರು ಒಂದು ಮಧ್ಯಾಹ್ನವನ್ನು ಕೊಟ್ಟರೆ ಸಾಕು.

ಮನೆಯಲ್ಲಿ ಇಂತಹವರನ್ನು ನೋಡಿಕೊಳ್ಳುವಾಗ ಅವರು ಇಟ್ಟುಕೊಂಡ ಹೆಸರಿನಿಂದ ಕರೆಯಿರಿ. ಬಟ್ಟೆ ಬದಲಿಸುವ ಮುನ್ನ ಹೇಳಿ, ಮೈಯನ್ನು ಪೂರ್ತಿ ತೆರೆಯದೆ ಸ್ನಾನ ಮಾಡಿಸಿರಿ. ಕುಂಕುಮ, ಬಳೆ, ತಲೆಯ ಎಣ್ಣೆ ಇವು ತಪ್ಪದಿರಲಿ. ತಪ್ಪು ಹೇಳಿದರೆ ವಾದಕ್ಕಿಳಿಯಬೇಡಿರಿ, ಮಾತನ್ನು ಬೇರೆಡೆಗೆ ತಿರುಗಿಸಿರಿ. ಹಳೆಯ ಪದಗಳನ್ನು ಹಾಡಿಸಿರಿ. ರಾತ್ರಿ ಒಂದು ದೀಪ ಉರಿಯುತ್ತಿರಲಿ. ನೋಡಿಕೊಳ್ಳುವವಳಿಗೂ ವಿಶ್ರಾಂತಿ ಬೇಕು. ಅದು ಹೆಂಡತಿಯೊಬ್ಬಳ ಪಾಲಿನ ಕೆಲಸವೆಂದು ಗಂಡಂದಿರು ಕಟ್ಟೆಗೆ ಹೋಗಿ ಕೂರಬಾರದು.

ಹೆಚ್ಚಿನ ತಪಾಸಣೆಗೆ ಗದಗ ಜಿಲ್ಲಾ ಆಸ್ಪತ್ರೆಯಿದೆ, ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಿದೆ. ಮನಸ್ಸಿನ ತೊಂದರೆಗಳಿಗೆ 14416, ವೃದ್ಧರ ನೆರವಿಗೆ 14567 ಎಂಬ ಉಚಿತ ದೂರವಾಣಿಗಳಿವೆ. ಕನ್ನಡದಲ್ಲಿಯೇ ಮಾತನಾಡಬಹುದು.

ಆಟವಾಡಿಸಲು ಮನಸ್ಸಿರುವ ಊರಿನವರು ಆಶಾ ಕಾರ್ಯಕರ್ತೆಯ ಬಳಿ ಹೆಸರು ಕೊಡಿರಿ. ಆಟದ ದಿನ ರಂಗದ ಪಕ್ಕದಲ್ಲಿ ಒಂದು ಮೇಜು ಹಾಕಿ, ರಕ್ತದೊತ್ತಡ ಮತ್ತು ಸಕ್ಕರೆಯನ್ನು ಪರೀಕ್ಷಿಸಲು ನಮ್ಮ ಸಿಬ್ಬಂದಿಯನ್ನು ಕೂರಿಸುತ್ತೇವೆ, ರಾತ್ರಿ ಎಷ್ಟೇ ಹೊತ್ತಾದರೂ ಸರಿ. ಮೊದಲು ವೇಷ ಹಾಕಿದವರದನ್ನು ನೋಡಿ, ಆಮೇಲೆ ನೋಡಬಂದವರದನ್ನು ನೋಡುತ್ತೇವೆ.